ಊರಿನ ತಂಡ ಗೆದ್ದ ರಾತ್ರಿ ಮಕ್ಕಳನ್ನು ಬೇಗ ಮಲಗಿಸಬೇಡಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಶಿಕಾಗೋಗೆ ಹೊಸದಾಗಿ ಬಂದ ಒಬ್ಬರು ನಮ್ಮ ಗುಂಪಿನಲ್ಲಿ ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಅವರ ಮಗನಿಗೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ತಂಡ ಸೋತರೆ ಊಟ ಬಿಡುತ್ತಾನೆ. ಕ್ರಿಕೆಟ್ ಹಾಕಿದರೆ ಎದ್ದು ಹೋಗುತ್ತಾನೆ. "ನಮ್ಮದಲ್ಲದ ಆಟಕ್ಕೆ ಮಗು ಇಷ್ಟು ಅಳೋದು ಸರಿನಾ? ತಡೀಬೇಕಾ?" ಅಂತ ಕೇಳಿದ್ದರು. ಕೆಲವರು ತಡೆಯಿರಿ ಅಂದರು. ಇನ್ನು ಕೆಲವರು ಬಿಡಿ, ದೊಡ್ಡವನಾದ ಮೇಲೆ ಸರಿಹೋಗುತ್ತಾನೆ ಅಂದರು. ನನಗೆ ಎರಡೂ ಒಪ್ಪಿಗೆಯಿಲ್ಲ. ತಡೆಯಬೇಡಿ, ಅವನ ಪಾಡಿಗೆ ಬಿಟ್ಟು ಎದ್ದೂ ಹೋಗಬೇಡಿ. ಪಕ್ಕದಲ್ಲಿ ಕೂತು ನೋಡಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ 2016ರ ಶಿಕಾಗೋ. ಆಗ ಇಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಬಂದವರಿಗಾಗಿ ಬರೆಯುತ್ತೇನೆ.

ಇಲ್ಲಿನ ಬೇಸ್‌ಬಾಲ್ ತಂಡ ಶಿಕಾಗೋ ಕಬ್ಸ್ 1908ರಲ್ಲಿ ಚಾಂಪಿಯನ್ ಆಗಿತ್ತು. ಆಮೇಲೆ 2016ರ ತನಕ ಇಲ್ಲವೇ ಇಲ್ಲ. 1945ರಲ್ಲಿ ವರ್ಲ್ಡ್ ಸೀರೀಸ್ ತನಕ ಬಂತು. ಏಳು ಪಂದ್ಯಗಳ ಸರಣಿ ಅದು, ಮೊದಲು ನಾಲ್ಕು ಗೆದ್ದವರು ಚಾಂಪಿಯನ್. ಅದರಲ್ಲೂ ಸೋತಿತು. ಆ ಸರಣಿಗೆ ಬಿಲ್ಲಿ ಸಿಯಾನಿಸ್ ಅನ್ನುವ ಬಾರ್ ಮಾಲೀಕ ತನ್ನ ಮೇಕೆಯನ್ನೂ ಕರೆದುಕೊಂಡು ಹೋಗಿದ್ದ. ಮೇಕೆಯನ್ನು ಒಳಗೆ ಇರಿಸಿಕೊಳ್ಳಲಿಲ್ಲ ಅಂತ ಸಿಟ್ಟಿನಿಂದ ಶಾಪ ಹಾಕಿದ ಅನ್ನುವುದು ಇಲ್ಲಿನ ಪ್ರತಿ ಮನೆಯ ಕಥೆ. 2003ರಲ್ಲಿ ವರ್ಲ್ಡ್ ಸೀರೀಸ್ ತಲುಪಲು ಎದುರಾಳಿಯ ಇನ್ನು ಐದು ಔಟ್ ಸಾಕಿತ್ತು, ಅಲ್ಲೂ ಕೈ ತಪ್ಪಿತು. ಎರ್ನಿ ಬ್ಯಾಂಕ್ಸ್ ಅನ್ನುವ ಆಟಗಾರ 1953ರಲ್ಲಿ ತಂಡ ಸೇರಿದರು, ಕಬ್ಸ್‌ಗೆ ಆಡಿದ ಮೊದಲ ಕಪ್ಪು ವರ್ಣೀಯ ಆಟಗಾರ. 512 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದರು. 1971ರ ತನಕ ಆಡಿದರೂ ಒಂದೇ ಒಂದು ವರ್ಲ್ಡ್ ಸೀರೀಸ್ ಪಂದ್ಯ ಅವರಿಗೆ ಸಿಗಲಿಲ್ಲ. 2015ರ ಜನವರಿಯಲ್ಲಿ ತೀರಿಕೊಂಡರು. ಗೆಲುವಿಗೆ ಇನ್ನು ಎರಡು ವರ್ಷವೂ ಉಳಿದಿರಲಿಲ್ಲ.

ಪ್ರತಿ ಸೋಲಿನ ನಂತರ ಇಲ್ಲಿನ ಜನ "ಮುಂದಿನ ವರ್ಷ ನೋಡೋಣ" ಅನ್ನುತ್ತಾ ಬಂದಿದ್ದರು. "ಈ ಸಲ ಕಪ್ ನಮ್ದೇ" ಅಂತ ವರ್ಷ ವರ್ಷ ಕೂಗಿದ ನಮಗೆ ಇದು ಅರ್ಥವಾಗದೆ ಇರುತ್ತದಾ?

ಆ ವರ್ಷ ನನ್ನ ಅಪ್ಪ ಏಪ್ರಿಲ್‌ನಲ್ಲಿ ಶಿವಮೊಗ್ಗದಿಂದ ಬಂದಿದ್ದರು. ಇದನ್ನು ಎಲ್ಲರೂ ಗಮನಿಸಿ. ನಮ್ಮ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಚಳಿ ಮುಗಿದ ಮೇಲೆ ಬಂದು, ಚಳಿ ಶುರುವಾಗುವ ಮುಂಚೆ ಹೊರಡುತ್ತಾರೆ. ಬೇಸ್‌ಬಾಲ್ ನಡೆಯುವುದೂ ಅದೇ ತಿಂಗಳುಗಳಲ್ಲಿ. ಒಂದೊಂದು ತಂಡಕ್ಕೂ 162 ಪಂದ್ಯ, ಹೆಚ್ಚು ಕಡಿಮೆ ದಿನಾ ಆಟ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಕೂತು ಬೇಜಾರಾಗುವ ಹಿರಿಯರಿಗೆ ಇದಕ್ಕಿಂತ ಒಳ್ಳೆ ಜೊತೆ ಇಲ್ಲ. ಅಪ್ಪ ರೇಡಿಯೋ ಕಾಮೆಂಟರಿ ಕೇಳಿ ಬೆಳೆದವರು, ಭದ್ರಾವತಿಯ ವಿಶ್ವನಾಥ್ ಅಂದರೆ ಪ್ರಾಣ. ಎಂಟು ವರ್ಷದ ನನ್ನ ಮಗಳು ಅವರಿಗೆ ಬೇಸ್‌ಬಾಲ್ ಹೇಳಿಕೊಡಲು ಕೂತಳು. ತಾತನಿಗೆ ಅವಳ ಇಂಗ್ಲಿಷ್ ಉಚ್ಚಾರ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಕನ್ನಡದಲ್ಲೇ ಹೇಳಬೇಕಾಯಿತು. "ತಾತ, ಮೂರು ಸಲ ತಪ್ಪಿಸಿದ್ರೆ ಔಟು. ಇಲ್ಲಿ ವಿಕೆಟ್ ಇಲ್ಲ. ಓಡಲೇಬೇಕು, ಸುಮ್ನೆ ನಿಲ್ಲೋ ಹಾಗಿಲ್ಲ." ಕನ್ನಡ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ತಾತನ ಜೊತೆ ಗಂಟೆಗಟ್ಟಲೆ ವಾದ ಮಾಡಿದಳು.

ಅಪ್ಪನಿಗೆ ತುಂಬಾ ಹಿಡಿಸಿದ್ದು ಒಂದು ಲೆಕ್ಕ. ಈ ಆಟದಲ್ಲಿ ಹತ್ತು ಸಲಕ್ಕೆ ಮೂರು ಸಲ ಹೊಡೆದರೆ ಅವನು ಒಳ್ಳೆ ಬ್ಯಾಟ್ಸ್‌ಮನ್. ಏಳು ಸಲ ಸೋಲುತ್ತಾನೆ, ಆದರೂ ಜನ ಚಪ್ಪಾಳೆ ತಟ್ಟುತ್ತಾರೆ. "ನಿಮ್ಮ ಮಕ್ಕಳಿಗೆ ಇದನ್ನು ತೋರಿಸಿ, ಮಾರ್ಕ್ಸು ಮಾರ್ಕ್ಸು ಅಂತ ಸಾಯಿಸ್ತೀರಲ್ಲ" ಅಂದರು. ಸೆಪ್ಟೆಂಬರ್‌ನಲ್ಲಿ ಹೊರಡುವಾಗ ಸ್ಕೋರ್ ಬರೆದಿಡುವ ಕೆಲಸವನ್ನು ಮೊಮ್ಮಗಳಿಗೆ ಒಪ್ಪಿಸಿ ಹೋದರು.

ಆಮೇಲೆ ವರ್ಲ್ಡ್ ಸೀರೀಸ್‌ನ ಆ ವಾರ ಬಂತು. ನರಕ ಚತುರ್ದಶಿಯ ದಿನ, ಅಕ್ಟೋಬರ್ 29ರ ಶನಿವಾರ, ಕಬ್ಸ್ ತನ್ನ ಮನೆಯಂಗಳ ರಿಗ್ಲಿ ಫೀಲ್ಡ್‌ನಲ್ಲೇ 7-2ರಿಂದ ಸೋತಿತು. ಸರಣಿ 3-1. ಇನ್ನೊಂದು ಸೋತರೆ ಕಥೆ ಮುಗಿಯಿತು. ಮರುದಿನ ಲಕ್ಷ್ಮೀಪೂಜೆ. ದೀಪ ಹಚ್ಚಿ, ಮಗಳು ಟಿವಿ ಮುಂದೆ ಓಡಿದಳು. 3-2ರಿಂದ ಗೆದ್ದರು. ನವೆಂಬರ್ 1, ರಾಜ್ಯೋತ್ಸವದ ದಿನ, ಕ್ಲೀವ್‌ಲ್ಯಾಂಡ್‌ನಲ್ಲಿ 9-3. ಸರಣಿ ಸಮ. ಉಳಿದಿದ್ದು ಒಂದೇ ಪಂದ್ಯ.

ಎದುರಾಳಿ ತಂಡದ ಹೆಸರು ಆಗ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್. "ಅಮ್ಮ, ನಾವು ಇಂಡಿಯನ್ಸ್ ಅಲ್ವಾ, ನಾವು ಯಾರ ಕಡೆ?" ಅಂತ ಮಗಳು ಕೇಳಿದ್ದಳು. ಈ ನೆಲದ ಮೂಲನಿವಾಸಿಗಳ ಬಗ್ಗೆ ನಮ್ಮ ಮನೆಯಲ್ಲಿ ಮೊದಲ ಸಲ ಮಾತಾಡಿದ್ದು ಆ ರಾತ್ರಿ. ಆ ತಂಡ ಈಗ ಗಾರ್ಡಿಯನ್ಸ್ ಆಗಿದೆ.

ನವೆಂಬರ್ 2, ಬುಧವಾರ. ಮರುದಿನ ಶಾಲೆ ಇದೆ. ಮಗಳನ್ನು ಮಲಗಿಸಬೇಕಾ ಅಂತ ನಾನೂ ಯೋಚಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಅಲ್ಲಿಯವರೆಗೆ ಅವರಿಗೂ ನಮಗೂ ಹಲೋ, ಬೈ ಅಷ್ಟೇ. "ಒಬ್ಬಳೇ ನೋಡೋಕೆ ಧೈರ್ಯ ಇಲ್ಲ, ನಿಮ್ಮ ಮನೆಯಲ್ಲಿ ಕೂರಲಾ?" ಅಂದರು. ಚಿಕ್ಕವರಿದ್ದಾಗ ತಮ್ಮ ಅಪ್ಪನ ತೊಡೆಯ ಮೇಲೆ ಕೂತು ರೇಡಿಯೋದಲ್ಲಿ ಕಬ್ಸ್ ಕೇಳಿದವರಂತೆ. ಅಪ್ಪ ಹೋದರು, ಗಂಡ ಹೋದರು, ಕಪ್ ಮಾತ್ರ ಬಂದಿರಲಿಲ್ಲ. ದೀಪಾವಳಿಯ ಚಕ್ಕುಲಿ ಇನ್ನೂ ಇತ್ತು. ತಟ್ಟೆ ಮುಂದಿಟ್ಟೆ.

ಪಂದ್ಯ ಹೇಗಿತ್ತು ಅಂದರೆ, ಒಂದು ಹಂತದಲ್ಲಿ ಕಬ್ಸ್ 5-1ರಿಂದ ಮುಂದಿತ್ತು. ಎಂಟನೇ ಇನ್ನಿಂಗ್ಸ್‌ನಲ್ಲಿ 6-4 ಇದ್ದಾಗ, ಗೆಲ್ಲಲು ನಾಲ್ಕು ಔಟ್ ಸಾಕಿದ್ದಾಗ, ಕ್ಲೀವ್‌ಲ್ಯಾಂಡ್‌ನ ರಜಾಯ್ ಡೇವಿಸ್ ಎರಡು ರನ್ ತಂದ ಹೋಮ್ ರನ್ ಹೊಡೆದು 6-6 ಮಾಡಿಬಿಟ್ಟರು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಒಂದು ಪಂದ್ಯಕ್ಕಿರುವ ಒಂಬತ್ತೂ ಇನ್ನಿಂಗ್ಸ್ ಮುಗಿದರೂ ಸಮ. ಆಗ ಮಳೆ. ಹದಿನೇಳು ನಿಮಿಷ ಆಟ ನಿಂತಿತು. ಆ ಹೊತ್ತಿನಲ್ಲಿ ಕಬ್ಸ್‌ನ ಜೇಸನ್ ಹೇವರ್ಡ್ ತಂಡದವರನ್ನೆಲ್ಲ ವ್ಯಾಯಾಮದ ಕೋಣೆಗೆ ಕರೆದು ಧೈರ್ಯ ಹೇಳಿದರು ಅಂತ ಆಮೇಲೆ ಗೊತ್ತಾಯಿತು. ಹತ್ತನೇ ಇನ್ನಿಂಗ್ಸ್‌ನಲ್ಲಿ ಬೆನ್ ಜೋಬ್ರಿಸ್ಟ್ ಹೊಡೆದ ಹೊಡೆತಕ್ಕೆ ಒಂದು ರನ್, ಅದರ ಹಿಂದೆ ಇನ್ನೊಂದು. 8-6. ಕ್ಲೀವ್‌ಲ್ಯಾಂಡ್ ಒಂದನ್ನು ತೀರಿಸಿತು. ಕೊನೆಯ ಚೆಂಡು ಮೂರನೇ ಬೇಸ್‌ನ ಕ್ರಿಸ್ ಬ್ರಯಂಟ್ ಕಡೆ ಉರುಳಿತು. ಕಾಲು ಜಾರುತ್ತಿದ್ದರೂ ಆತ ನಗುತ್ತಲೇ ಎಸೆದರು. ಆಂಟನಿ ರಿಜೋ ಹಿಡಿದು ಚೆಂಡನ್ನು ಹಿಂಜೇಬಿಗೆ ಹಾಕಿಕೊಂಡರು. 8-7.

ನಮ್ಮ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇತ್ತು. ಬೀದಿಯಲ್ಲಿ ಜನ ಪೈಜಾಮದಲ್ಲೇ ಹೊರಗೆ ಬಂದು ಪಾತ್ರೆ ಬಡಿದರು. ಅಜ್ಜಿ ನನ್ನನ್ನು ತಬ್ಬಿಕೊಂಡು ಅತ್ತರು. ಶಿವಮೊಗ್ಗದಲ್ಲಿ ಬೆಳಗ್ಗೆ ಹತ್ತು ದಾಟಿತ್ತು. ಮಗಳು ಫೋನ್ ಮಾಡಿ "ತಾತ, 108 ವರ್ಷ!" ಅಂತ ಕಿರುಚಿದಳು. ಬೇಸ್‌ಬಾಲ್ ಚೆಂಡಿನ ಮೇಲೆ 108 ಜೋಡಿ ಹೊಲಿಗೆ ಇರುತ್ತದೆ, ಅದನ್ನೂ ಹೇಳಿದಳು. "ಅಷ್ಟೋತ್ತರ ಮುಗೀತು, ಇನ್ನು ಮಂಗಳಾರತಿ" ಅಂದರು ಅಪ್ಪ.

ಆದರೆ ನಾನು ನಿಜವಾಗಿ ಹೇಳಬೇಕಾದದ್ದು ಆಮೇಲಿನ ದಿನಗಳದ್ದು. ರಿಗ್ಲಿ ಫೀಲ್ಡ್‌ನ ಹೊರಗೋಡೆ ಇಟ್ಟಿಗೆಯದು. ವೇವ್‌ಲ್ಯಾಂಡ್, ಶೆಫೀಲ್ಡ್ ರಸ್ತೆಗಳ ಕಡೆ ಉದ್ದಕ್ಕೂ ಚಾಚಿದೆ. ಗೆದ್ದ ಮೇಲೆ ಜನ ಅಲ್ಲಿಗೆ ಬಂದು ಬಣ್ಣ ಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಜಾಸ್ತಿ ಹೆಸರುಗಳು ಆಟಗಾರರವಲ್ಲ. ತೀರಿಹೋದ ಅಪ್ಪಂದಿರು, ಅಜ್ಜಿಯರು, ಅಣ್ಣಂದಿರು. ಕೆಳಗೆ ಜಾಗ ಮುಗಿದು, ಒಬ್ಬರ ಭುಜದ ಮೇಲೆ ಒಬ್ಬರು ಹತ್ತಿ ಬರೆದರು. ಒಬ್ಬ ಅಭಿಮಾನಿ ಏಳನೇ ಪಂದ್ಯವನ್ನು ಅಪ್ಪನ ಜೊತೆ ಕೇಳಬೇಕು ಅಂತ ನಾರ್ತ್ ಕೆರೊಲೈನಾದಿಂದ ಇಂಡಿಯಾನಾದ ತನಕ ಕಾರು ಓಡಿಸಿಕೊಂಡು ಬಂದು, ಅಪ್ಪನ ಸಮಾಧಿಯ ಪಕ್ಕ ಕುರ್ಚಿ ಹಾಕಿ ಕೂತು ಕೇಳಿದರು. ಅದು ಸುದ್ದಿಯಲ್ಲೂ ಬಂತು.

"ಇಲ್ಲಿನವರಿಗೆ ಅಪ್ಪ ಅಮ್ಮ ಬೇಡ, ಹದಿನೆಂಟಾದರೆ ಸಂಬಂಧ ಮುಗೀತು" ಅಂತ ನಮ್ಮ ಔತಣಗಳಲ್ಲಿ ಎಷ್ಟು ಸಲ ಕೇಳಿದ್ದೇವೆ. ಮಕ್ಕಳ ಎದುರೇ ಹೇಳುತ್ತೇವೆ. ಆ ಗೋಡೆಯ ಮುಂದೆ ನಿಂತವರು ಇನ್ನೊಮ್ಮೆ ಹಾಗೆ ಹೇಳಲಾರರು. ಒಂದು ಊರು ಇಡೀ ಬದುಕು ಕಾದು ಕಪ್ ಗೆದ್ದಾಗ ಮೊದಲು ಹುಡುಕಿದ್ದು ಸತ್ತ ಹಿರಿಯರನ್ನು. ನಾವು ಅಲ್ಲಿಗೆ ಹೋದಾಗ ಅಜ್ಜಿಯನ್ನೂ ಕರೆದುಕೊಂಡು ಹೋದೆವು. ಅವರು ತಮ್ಮ ಅಪ್ಪನ ಹೆಸರು ಬರೆದರು. ಮಗಳು ಪಕ್ಕದಲ್ಲೇ ಕನ್ನಡದಲ್ಲಿ "ತಾತ, ಗೆದ್ವಿ" ಅಂತ ಬರೆದಳು. ಹಿಂದೆ ನಿಂತಿದ್ದವರು ಇದು ಯಾವ ಲಿಪಿ ಅಂತ ಕೇಳಿ, ಅವಳಿಗೆ ಇನ್ನಷ್ಟು ಸೀಮೆಸುಣ್ಣ ಕೊಟ್ಟರು. ಈಗ ಆ ಅಜ್ಜಿಯ ಮನೆಯ ಕೀಲಿಕೈ ನಮ್ಮಲ್ಲಿದೆ, ನಮ್ಮದು ಅವರಲ್ಲಿ.

ಶುಕ್ರವಾರ, ನವೆಂಬರ್ 4ಕ್ಕೆ ಮೆರವಣಿಗೆ. ನದಿಗೆ ನೀಲಿ ಬಣ್ಣ ಹಾಕಿದ್ದರು. ಸುಮಾರು 50 ಲಕ್ಷ ಜನ ಅಂತ ನಗರದವರ ಅಂದಾಜು. ಮೆಟ್ರಾ ರೈಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನನ್ನ ಗಂಡ ನಿಂತಿದ್ದರು. ಸಂಜೆ ಮನೆಗೆ ಬಂದೆವು.

ಕ್ರಿಕೆಟ್ ಮರೆತುಹೋಗುತ್ತದೆ ಅನ್ನುವ ಭಯ ಇರುವವರಿಗೆ ಒಂದು ಮಾತು. ಅದೇ 2016ರ ಮೇ 29ರ ಭಾನುವಾರ ಬೆಳಗ್ಗೆ ಅಪ್ಪ, ನಾನು, ಮಗಳು ಆರ್‌ಸಿಬಿ ಫೈನಲ್ ನೋಡಿದ್ದೆವು. ಕೊಹ್ಲಿ ಆ ಸಲ 973 ರನ್ ಹೊಡೆದಿದ್ದರು. ಚಿನ್ನಸ್ವಾಮಿಯಲ್ಲೇ ಎಂಟು ರನ್‌ನಿಂದ ಸೋತೆವು. ನಾನು ಅತ್ತಿದ್ದನ್ನು ಮಗಳು ನೋಡಿದ್ದಳು. ಕಬ್ಸ್‌ಗಾಗಿ ಅವಳು ಅತ್ತಾಗ ನಾನು ಜೊತೆಗಿದ್ದೆ, ಆರ್‌ಸಿಬಿಗಾಗಿ ನಾನು ಕಾದಾಗ ಅವಳೂ ಜೊತೆಗೆ ಕಾದಳು. ಬೇರೇನೂ ಉಪಾಯ ಮಾಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಆರು ರನ್‌ನಿಂದ ಗೆದ್ದಾಗ ಹದಿನೇಳು ವರ್ಷದ ಅವಳೇ ಮೊದಲು ಕುಣಿದದ್ದು.

ಮರುದಿನದ ಸುದ್ದಿ ನಿಮಗೆಲ್ಲ ಗೊತ್ತು. ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ಎಳೆ ವಯಸ್ಸಿನವರು. "ನಾವು ಅಷ್ಟು ಜನರ ಮಧ್ಯೆ ಹೋಗಿ ಮನೆಗೆ ಬಂದ್ವಿ. ಅವರು ಯಾಕೆ ಬರಲಿಲ್ಲ?" ಅಂತ ಮಗಳು ಕೇಳಿದಳು. ನನಗೆ ಇದ್ದ ಉತ್ತರ ಇಷ್ಟೇ: ಇಲ್ಲಿ ಬುಧವಾರ ರಾತ್ರಿ ಗೆದ್ದು ಶುಕ್ರವಾರ ಮೆರವಣಿಗೆ ಮಾಡಿದರು, ಅಲ್ಲಿ ಗೆದ್ದ ಮರುದಿನವೇ ಜನ ಸೇರಿದರು. ಜನರ ಪ್ರೀತಿ ಎರಡೂ ಕಡೆ ಒಂದೇ, ಆ ಪ್ರೀತಿಯನ್ನು ಕಾಯುವ ಏರ್ಪಾಡು ಒಂದೇ ಆಗಿರಲಿಲ್ಲ. ದಯವಿಟ್ಟು ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಬೆಂಗಳೂರು ಅವರಿಗೂ ಊರು ಆಗಬೇಕಾದರೆ ಅಲ್ಲಿನ ನೋವೂ ಅವರಿಗೆ ತಿಳಿದಿರಬೇಕು.

ಬೇರೆ ಊರುಗಳಲ್ಲಿ ಇರುವವರಿಗೂ ನಿಮ್ಮದೇ ಕಥೆ ಇದೆ. ಹ್ಯೂಸ್ಟನ್‌ನಲ್ಲಿ 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತದ ನೀರು ಮನೆಗಳಿಗೆ ನುಗ್ಗಿತ್ತು, ಅದೇ ನವೆಂಬರ್ 1ಕ್ಕೆ ಅಲ್ಲಿನ ತಂಡ ಆಸ್ಟ್ರೋಸ್ ವರ್ಲ್ಡ್ ಸೀರೀಸ್ ಗೆದ್ದಿತು. ಬೇ ಏರಿಯಾದ ಜಯಂಟ್ಸ್ 2010ರಲ್ಲಿ, ಡಲ್ಲಾಸ್ ಕಡೆಯ ರೇಂಜರ್ಸ್ 2023ರಲ್ಲಿ ಗೆದ್ದದ್ದೂ ನವೆಂಬರ್ 1ರಂದೇ. ರಾಜ್ಯೋತ್ಸವದ ಧ್ವಜ ಹಾರಿಸುವ ವಾರವೇ ಈ ಸರಣಿ ಬರುತ್ತದೆ. ನಮ್ಮ ಕೂಟಗಳು ಕಾರ್ಯಕ್ರಮದ ದಿನ ಗೊತ್ತುಮಾಡುವಾಗ ಇದನ್ನು ನೋಡಿಕೊಳ್ಳಲಿ. ಸಭಾಂಗಣದ ಮೂಲೆಯಲ್ಲಿ ಒಂದು ಪರದೆ ಹಾಕಿದರೆ ಹದಿಹರೆಯದ ಮಕ್ಕಳು ತಾವಾಗಿಯೇ ಬರುತ್ತಾರೆ.

ಪ್ರಶ್ನೆ ಕೇಳಿದವರಿಗೆ: ರಾತ್ರಿ ಪಂದ್ಯ ಅಂದರೆ ಎಲ್ಲ ದಿನ ಎಚ್ಚರ ಇರಬೇಕು ಅಂತಲ್ಲ. ಸಾಮಾನ್ಯ ದಿನಗಳಲ್ಲಿ ಐದನೇ ಇನ್ನಿಂಗ್ಸ್‌ಗೆ ಮಲಗಲಿ. ಕೊನೆಯ ಸರಣಿಗೆ ಮಾತ್ರ ಬಿಡಿ, ಮರುದಿನ ಟೀಚರ್‌ಗೆ ಒಂದು ಚೀಟಿ ಕೊಡಿ. ಅವರೂ ನಿದ್ದೆಗೆಟ್ಟಿರುತ್ತಾರೆ. ಊರಲ್ಲಿರುವ ಅಜ್ಜನಿಗೆ ವಿಡಿಯೋದಲ್ಲಿ ಆಟ ಹೇಳಿಕೊಡುವ ಕೆಲಸ ನಿಮ್ಮ ಮಗನಿಗೆ ವಹಿಸಿ. ಕನ್ನಡ ತಪ್ಪಾದರೆ ನಡುವೆ ತಿದ್ದಬೇಡಿ. ದೊಡ್ಡ ಪಂದ್ಯದ ಟಿಕೆಟ್ ದುಬಾರಿ, ಅದಕ್ಕೆ ಆತುರ ಬೇಡ. ಶಿಕಾಗೋ ಹತ್ತಿರದ ಜೆನೀವಾದಲ್ಲಿ ಕೇನ್ ಕೌಂಟಿ ಕೂಗರ್ಸ್ ಅನ್ನುವ ಸಣ್ಣ ತಂಡದವರು ಆಡುತ್ತಾರೆ, ಶಾಂಬರ್ಗ್‌ನಲ್ಲಿ ಬೂಮರ್ಸ್. ಖರ್ಚು ಕಡಿಮೆ, ಆಟಗಾರರು ಹತ್ತಿರದಲ್ಲೇ ಸಿಗುತ್ತಾರೆ. ಈ ಶನಿವಾರ ನಾವು ಜೆನೀವಾಗೆ ಹೋಗುತ್ತಿದ್ದೇವೆ, ಅಜ್ಜಿಯೂ ಬರುತ್ತಾರೆ. ಕಾರಿನಲ್ಲಿ ಎರಡು ಸೀಟು ಖಾಲಿ ಇವೆ. ನೀವೂ ಮಗನೂ ಬರುವುದಾದರೆ ಶುಕ್ರವಾರದ ಒಳಗೆ ತಿಳಿಸಿ, ಪುಳಿಯೋಗರೆ ಜಾಸ್ತಿ ಕಟ್ಟಿಕೊಳ್ಳುತ್ತೇನೆ.