ಆ 140 ಪಟ್ಟು ವೇಗ ಎಲ್ಲಿ ಬಂದದ್ದು?

ಗುಂಪು: ಬೆಳಗಾವಿ ಡಿಪ್ಲೊಮಾ ದೋಸ್ತರು

ಬಸು: (ಫಾರ್ವರ್ಡ್) ಸಿಲಿಕಾನ್ ಕಾಲ ಮುಗಿಯಿತು! ಇಂಗಾಲದ ಹಾಳೆ ಗ್ರಾಫೀನ್‌ನಲ್ಲಿ ಎಲೆಕ್ಟ್ರಾನ್ ಸಿಲಿಕಾನ್‌ಗಿಂತ 140 ಪಟ್ಟು ವೇಗ!!

ಬಸು: ಒಂದು ಗ್ರಾಫೀನ್ ಕಂಪನಿಯ ಶೇರು ನೋಡಿಟ್ಟಿದ್ದೇನೆ. ಯಾರು ಯಾರು ಬರುತ್ತೀರಿ?

ಮಲ್ಲಿಕ: ಲೇ, ತಡಿ. ಅದು ವೇಗ ಅಲ್ಲ, ಮೊಬಿಲಿಟಿ. ಅಂದರೆ ವಿದ್ಯುತ್ ಕ್ಷೇತ್ರ ತಳ್ಳಿದಾಗ ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ಸಾಗುತ್ತದೆ ಅನ್ನೋ ಅಳತೆ. 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಗ್ರಾಫೀನ್ ಹಾಳೆಯನ್ನು ಕೆಳಗೆ ಏನೂ ತಾಗದಂತೆ ತೂಗುಬಿಟ್ಟು, ವಿಪರೀತ ತಣ್ಣಗೆ ಮಾಡಿ ಅಳೆದಾಗ ಸುಮಾರು 2,00,000 ಬಂತು. ಯುನಿಟ್ ಬಿಡು. ಸಿಲಿಕಾನ್‌ದು ಮಾಮೂಲಿ ಉಷ್ಣತೆಯಲ್ಲಿ 1,400ರ ಹತ್ತಿರ. ಯಾರೋ ಭಾಗಿಸಿ ಹಾಕಿರಬೇಕು.

ಬಸು: ಹಾಳೆ ಅದೇ ತಾನೇ? ಎಲ್ಲಿಟ್ಟರೇನು?

ಸವಿತಾ: ವಿಷಯ ಇರೋದೇ ಅಲ್ಲಿ. ಒಂದೇ ಪರಮಾಣು ದಪ್ಪದ ಹಾಳೆ. ಅದಕ್ಕೆ ಒಳಗು ಅನ್ನೋದೇ ಇಲ್ಲ. ಸಿಲಿಕಾನ್ ಡೈಆಕ್ಸೈಡ್ ಅನ್ನೋ ಗಾಜಿನಂಥ ಪದರದ ಮೇಲೆ ಇಟ್ಟರೆ ಅದರಲ್ಲಿ ಸಿಕ್ಕಿಬಿದ್ದ ಚಾರ್ಜು, ಉಬ್ಬುತಗ್ಗು, ಪರಮಾಣುಗಳ ನಡುಕ ಎಲ್ಲಾ ನೇರ ಎಲೆಕ್ಟ್ರಾನಿಗೇ ತಟ್ಟುತ್ತದೆ. 10,000ದ ಆಸುಪಾಸಿಗೆ ಇಳಿಯುತ್ತದೆ. ಹೈವೇಯಲ್ಲಿ ಬೈಕ್ ಓಡಿಸಿದ ಸ್ಪೀಡನ್ನು ಗಿಜಿಗುಡುವ ಗಣಪತ್ ಗಲ್ಲಿಗೆ ಹೇಳಿದ ಹಾಗಿದೆ ನಿನ್ನ ಫಾರ್ವರ್ಡು.

ಬಸು: ಒಳ್ಳೆ ಜಾಗದಲ್ಲೇ ಇಡಲಿ, ಅಲ್ವಾ?

ಸವಿತಾ: ಇಟ್ಟಿದ್ದಾರೆ. 2010ರಲ್ಲಿ ಹೆಕ್ಸಾಗನಲ್ ಬೋರಾನ್ ನೈಟ್ರೈಡ್ ಅನ್ನೋ ಹರಳಿನ ಮೇಲೆ. ಬಲು ನುಣುಪು, ಸಿಕ್ಕಿಬಿದ್ದ ಚಾರ್ಜೂ ಕಡಿಮೆ. 60,000ದ ಹತ್ತಿರ ಏರಿತು. ಆದರೆ ಒಳ್ಳೆ ಹರಳು ಸಿಗಬೇಕಲ್ಲ? ಎಷ್ಟೋ ದೇಶಗಳ ಲ್ಯಾಬುಗಳು ಜಪಾನಿನ ಸುಕುಬಾದಲ್ಲಿ ವತನಾಬೆ, ತನಿಗುಚಿ ಅನ್ನೋ ವಿಜ್ಞಾನಿಗಳು ಬೆಳೆಸಿದ ಹರಳಿಗೇ ಕಾಯುತ್ತವೆ.

ಮಲ್ಲಿಕ: ಅಂದರೆ ಏನು ತಾಗಿದರೂ ಕೆಡುವ ವಸ್ತು. ಸಾಲದ್ದಕ್ಕೆ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಹರಿಯಲು ದಾಟಬೇಕಾದ ಶಕ್ತಿಯ ಅಂತರ) ಇಲ್ಲ, ಹಾಗಾಗಿ ಸ್ವಿಚ್ ಪೂರ್ತಿ ಆಫ್ ಆಗಲ್ಲ. ಇದರಲ್ಲಿ ಚಿಪ್ ಮಾಡುತ್ತಾರಂತೆ!

ಸವಿತಾ: ಗ್ಯಾಪ್ ವಿಷಯ ಸರಿ. ಕೆಡುವ ವಸ್ತು ಅನ್ನೋದನ್ನು ಒಪ್ಪಲ್ಲ. 2007ರಲ್ಲಿ ಮ್ಯಾಂಚೆಸ್ಟರ್‌ನವರು ಗ್ರಾಫೀನ್ ಮೇಲೆ ಒಂದೊಂದೇ ಅನಿಲದ ಅಣು ಕೂತು ಏಳುವುದನ್ನು ಹಿಡಿದದ್ದು ಇದೇ ಗುಣದಿಂದ. ಇನ್ನೊಂದು ನೋಡು. ಟಂಗ್‌ಸ್ಟನ್ ಡೈಸಲ್ಫೈಡ್ ಅನ್ನೋ ಅರೆವಾಹಕದ ಒಂದು ಪದರಕ್ಕೆ ಗ್ರಾಫೀನ್ ಹೊದಿಸುತ್ತಾರೆ. ಪದರದ ಚಾರ್ಜುಗಳ ವಿದ್ಯುತ್ ಕ್ಷೇತ್ರ ಹೊರಗೂ ಚಾಚಿರುತ್ತದೆ, ಗ್ರಾಫೀನ್ ಅದನ್ನು ತಗ್ಗಿಸುತ್ತದೆ. ಆ ಪದರದ ಬ್ಯಾಂಡ್ ಗ್ಯಾಪ್ ನೂರು ಮಿಲಿ ಎಲೆಕ್ಟ್ರಾನ್‌ವೋಲ್ಟಿಗೂ ಜಾಸ್ತಿ ಕುಗ್ಗುತ್ತದೆ. ಪದರಕ್ಕೆ ಏನನ್ನೂ ಬೆರೆಸಿಲ್ಲ, ನೆರೆ ಬದಲಾಯಿತು ಅಷ್ಟೇ. ಇದು ದೋಷನಾ?

ಮಲ್ಲಿಕ: ಲ್ಯಾಬಿನಲ್ಲಿ ಗುಣ, ಫ್ಯಾಕ್ಟರಿಯಲ್ಲಿ ದೋಷ. ನಾನು ಇಷ್ಟೇ ಹೇಳೋದು.

ಬಸು: ನಿಮ್ಮ ಜಗಳ ಆಮೇಲೆ. ಶೇರು ತಗೊಳ್ಳಲೋ ಬೇಡವೋ?

ಮಲ್ಲಿಕ: ಆ ಕಂಪನಿ ಗ್ರಾಫೀನನ್ನು ಯಾವುದರ ಮೇಲೆ ಕೂರಿಸುತ್ತದೆ, ಮೊದಲು ನೋಡು.

ಬಸು: ನೋಡಿದೆ. ಗೋಡೆ ಬಣ್ಣಕ್ಕೆ ಬೆರೆಸುವ ಪುಡಿಯಂತೆ.

ಸವಿತಾ: 😂 ಹಾಗಾದರೆ ಎಲೆಕ್ಟ್ರಾನ್ ಎಷ್ಟು ಜೋರಾಗಿ ಓಡಿದರೇನು ಬಸು, ಬಣ್ಣ ಎಷ್ಟು ಮಾರುತ್ತದೆ ಕೇಳು.