ಆಕ್ಸಿಮೀಟರ್ 96 ತೋರಿಸುತ್ತಿದೆ, ಆದರೂ ಅಣ್ಣ ಮಲಗಲು ಹೆದರುತ್ತಾನೆ

ಮಳೆಹನಿ:
ಅಣ್ಣನಿಗೆ 43 ವರ್ಷ. ಸ್ನಾಯುಗಳು ಕ್ರಮೇಣ ಸೋಲುವ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆಯೆಂದು ತಿಳಿದು ಹದಿನಾಲ್ಕು ವರ್ಷವಾಯಿತು, ಗಾಲಿಕುರ್ಚಿ ಹಿಡಿದು ಮೂರು ವರ್ಷ. ಕೈಕಾಲುಗಳು ಸೋತದ್ದಕ್ಕೆ ಹೇಗೋ ಹೊಂದಿಕೊಂಡಿದ್ದೆವು. ಈಗಿನದು ಬೇರೆ.

ಎರಡು ತಿಂಗಳಿಂದ ಅಂಗಾತ ಮಲಗಲು ಒಪ್ಪುತ್ತಿಲ್ಲ. ಒಂದು ದಿಂಬು ಎರಡಾಯಿತು, ಈಗ ಮೂರು. ರಾತ್ರಿ ನಾಲ್ಕಾರು ಸಲ ಬೆಚ್ಚಿ ಏಳುತ್ತಾನೆ, ನೀರಿನಲ್ಲಿ ಮುಳುಗಿದ ಕನಸು ಎನ್ನುತ್ತಾನೆ. ಬೆಳಿಗ್ಗೆ ವಿಪರೀತ ತಲೆನೋವು. ಹತ್ತು ಗಂಟೆಯ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಮಧ್ಯಾಹ್ನ ಮಾತನಾಡುತ್ತಲೇ ತೂಕಡಿಸುತ್ತಾನೆ. ದಿನವೂ ನನಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವವನು. ಮೊದಲು ಒಂದೇ ಉಸಿರಿಗೆ ಎರಡು ಸಾಲು ಓದುತ್ತಿದ್ದ. ಈಗ ನಾಲ್ಕು ಪದಕ್ಕೊಮ್ಮೆ ನಿಲ್ಲುತ್ತಾನೆ, ನಿಂತಾಗ ಕತ್ತಿನ ಎರಡೂ ಬದಿಯ ಸ್ನಾಯುಗಳು ಹಗ್ಗದಂತೆ ಬಿಗಿದುಕೊಳ್ಳುತ್ತವೆ.

ಎದೆಯ ಎಕ್ಸ್-ರೇ ಸರಿಯಿದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್‌ನಲ್ಲಿ 96. ಆತಂಕದಿಂದ ಹೀಗಾಗುತ್ತಿದೆ ಎಂದು ವೈದ್ಯರೊಬ್ಬರು ನಿದ್ರೆಮಾತ್ರೆ ಬರೆದಿದ್ದಾರೆ. ಕೊಡಲು ಮನಸ್ಸು ಬರುತ್ತಿಲ್ಲ. ಯಾರಾದರೂ ಇಂಥದ್ದನ್ನು ಕಂಡಿದ್ದೀರಾ?

ಹಳೆಯ ಛತ್ರಿ:
ನಮ್ಮ ಮಾವನವರಿಗೂ ರಾತ್ರಿ ಉಸಿರು ಕಟ್ಟುತ್ತಿತ್ತು. ಮನೆಗೆ ಆಕ್ಸಿಜನ್ ಯಂತ್ರ ತಂದ ಮೇಲೆ ಆರಾಮವಾಗಿದ್ದಾರೆ. ನೀವೂ ನೋಡಬಹುದು.

ಇರುಳದೀಪ:
ಮಳೆಹನಿಯವರೇ, ನಿಮ್ಮ ಅಣ್ಣನ ಉಸಿರಾಟವನ್ನು ಸರಿಯಾಗಿ ಪರೀಕ್ಷಿಸುವವರೆಗೆ ಆ ಮಾತ್ರೆ ಬೇಡ. ತಜ್ಞರು ಹೇಳದೆ ಆಕ್ಸಿಜನ್ ಕೂಡ ಬೇಡ. ಛತ್ರಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಶ್ವಾಸಕೋಶ ಕೆಡುವುದು ಬೇರೆ, ಅದಕ್ಕೆ ಗಾಳಿ ಎಳೆದುಕೊಡುವ ಸ್ನಾಯು ಸೋಲುವುದು ಬೇರೆ. ಕುಲುಮೆಯ ತಿದಿಯ ತೊಗಲು ಗಟ್ಟಿಯಾಗಿದ್ದರೂ ಎಳೆಯುವ ಕೈಯಲ್ಲಿ ಬಲವಿಲ್ಲದಿದ್ದರೆ ಏನಾಗುತ್ತದೆ? ಅದೇ ಇಲ್ಲಿ ಆಗುತ್ತಿರಬಹುದು. ಎಕ್ಸ್-ರೇ ಸರಿಯಿರುವುದೂ ಅದಕ್ಕೇ.

ನನ್ನ ಪತಿಗೆ ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ನಡೆಸುವ ನರಗಳು ಸೋಲುವ ರೋಗ) ಇತ್ತು. ಅವರೂ ಹೀಗೆಯೇ ದಿಂಬು ಏರಿಸುತ್ತಾ ಹೋದರು. ಒಂದು ರಾತ್ರಿ ನಾನು ಅವರ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕುಳಿತೆ. ಉಸಿರು ಎಳೆದಾಗ ಹೊಟ್ಟೆ ಏರಬೇಕು. ಅವರದು ಪ್ರತಿ ಸಲವೂ ಒಳಕ್ಕೆ ಕುಸಿಯುತ್ತಿತ್ತು. ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರು ಎಳೆಯುವ ಸ್ನಾಯು, ಸೋತಿದ್ದರೆ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಕುಳಿತಾಗ ಹೊಟ್ಟೆಯ ಭಾರ ಕೆಳಕ್ಕೆ ಜಗ್ಗಿ ವಪೆಗೆ ನೆರವಾಗುತ್ತದೆ. ಮಲಗಿದರೆ ಅದೇ ಭಾರ ಎದೆಯತ್ತ ಒತ್ತುತ್ತದೆ. ಕನಸು ಬೀಳುವ ನಿದ್ರೆಯಲ್ಲಂತೂ ಕತ್ತು, ಪಕ್ಕೆಲುಬುಗಳ ಸ್ನಾಯುಗಳು ಸಡಿಲಗೊಂಡು ವಪೆಯೊಂದೇ ದುಡಿಯಬೇಕಾಗುತ್ತದೆ. ಮುಳುಗಿದ ಕನಸು ಸುಮ್ಮನೆ ಬೀಳುತ್ತಿಲ್ಲ, ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಉಸಿರು ಆಳವಾಗಿ ಆಡದಿದ್ದರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲಿ ಸೇರುತ್ತದೆ. ಬೆಳಗಿನ ತಲೆನೋವು, ಹಗಲಿನ ಮಂಪರು ಅದರ ಗುರುತು. ಆಕ್ಸಿಮೀಟರ್ ಅದನ್ನು ಅಳೆಯುವುದೇ ಇಲ್ಲ. ಬರೀ ಆಕ್ಸಿಜನ್ ಕೊಟ್ಟರೆ ಬೆರಳಿನ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಏರಬಹುದು.

ಸ್ನಾಯುರೋಗ ಬಲ್ಲ ಶ್ವಾಸಕೋಶ ತಜ್ಞರ ಬಳಿಗೆ ಈ ವಾರವೇ ಹೋಗಿ. ಊದಿಸಿ ಉಸಿರಿನ ಪ್ರಮಾಣ ಅಳೆಯುವ ಸ್ಪೈರೋಮೆಟ್ರಿಯನ್ನು ಕುಳಿತು ಒಮ್ಮೆ, ಮಲಗಿ ಒಮ್ಮೆ ಮಾಡಿಸಿ. ಮಲಗಿದಾಗ ಅಳತೆ ಕಾಲು ಭಾಗಕ್ಕಿಂತ ಹೆಚ್ಚು ಇಳಿದರೆ ವಪೆಯ ಮೇಲೆ ಅನುಮಾನ. ಅಪಧಮನಿಯ ರಕ್ತ ಪರೀಕ್ಷೆಯನ್ನೂ ಕೇಳಿ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ 35ರಿಂದ 45ರ ಒಳಗಿರಬೇಕು. ತುಟಿ ನೀಲಿಗಟ್ಟಿದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ತಡಮಾಡದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ನಾವು "ನಾಳೆ ನೋಡೋಣ" ಎಂದು ಮೂರು ವಾರ ಕಳೆದಿದ್ದೆವು.

ಎದೆಗಾರ:
ನಾನು ಫಿಸಿಯೋಥೆರಪಿಸ್ಟ್. ಕೆಮ್ಮಿನ ಬಗ್ಗೆ ಯಾರೂ ಕೇಳಲಿಲ್ಲ. ಕಫ ಬಂದರೆ ಅವರು ಹೊರಹಾಕುತ್ತಾರೆಯೇ, ಗಂಟಲಲ್ಲೇ ಗೊರಗೊರ ಎನ್ನುತ್ತದೆಯೇ? ಕೆಮ್ಮಿನ ವೇಗವನ್ನು ಚಿಕ್ಕ ಪೀಕ್ ಫ್ಲೋ ಮೀಟರ್‌ನಲ್ಲಿ ಅಳೆಯಬಹುದು. ನಿಮಿಷಕ್ಕೆ 270 ಲೀಟರ್‌ಗಿಂತ ಕಡಿಮೆಯಿದ್ದರೆ ಸಣ್ಣ ನೆಗಡಿಯೂ ನ್ಯುಮೋನಿಯಾ ಆಗಬಹುದು. ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಚೀಲದಿಂದ ಉಸಿರಿನ ಮೇಲೆ ಉಸಿರು ತುಂಬಿಸಿ, ಹೊಟ್ಟೆ ಒತ್ತಿ ಕೆಮ್ಮಿಸುವ ವಿಧಾನವಿದೆ. ಬರಹ ಓದಿ ಮಾಡುವಂಥದ್ದಲ್ಲ, ಎದುರು ನಿಂತು ಕಲಿಯಬೇಕು.

ಮಳೆಹನಿ:
ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಅಂದು ರಾತ್ರಿಯೇ ಅಂಗೈ ಇಟ್ಟು ನೋಡಿದೆ. ಹೊಟ್ಟೆ ಒಳಕ್ಕೆ ಹೋಯಿತು. ಅಣ್ಣ "ಏನು ನೋಡುತ್ತಿದ್ದೀಯ" ಎಂದ, ಉತ್ತರ ಕೊಡಲಾಗಲಿಲ್ಲ.

ಸ್ಪೈರೋಮೆಟ್ರಿಯಲ್ಲಿ ಕುಳಿತಾಗ ಇರಬೇಕಾದುದರ ಶೇಕಡ 54, ಮಲಗಿದಾಗ 35. ಕಾರ್ಬನ್ ಡೈಆಕ್ಸೈಡ್ 56. ರಾತ್ರಿಗೆ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಿಗೆ ನೆರವಾಗುವ ಯಂತ್ರ) ಕೊಟ್ಟಿದ್ದಾರೆ. ಮೊದಲ ರಾತ್ರಿ ಮೂರು ಸಲ ಮಾಸ್ಕ್ ತೆಗೆಸಿದ. ಗಾಳಿ ಮುಖಕ್ಕೆ ನುಗ್ಗುವುದು ಅವನಿಗೆ ಮತ್ತೆ ಆ ಕನಸಿನಂತೆಯೇ ಅನ್ನಿಸಿತಂತೆ. ಎರಡನೆಯ ದಿನದಿಂದ ಹಗಲಲ್ಲಿ ಪತ್ರಿಕೆ ಎದುರಿಗಿಟ್ಟು ಅರ್ಧರ್ಧ ಗಂಟೆ ಹಾಕಿಸಿ ಅಭ್ಯಾಸ ಮಾಡಿಸಿದೆವು. ನಿನ್ನೆ ಹನ್ನೊಂದಕ್ಕೆ ಮಲಗಿದವನು ಐದೂವರೆಗೆ ಎದ್ದ. ತಲೆನೋವಿಲ್ಲ. ಕೆಮ್ಮಿನ ಅಳತೆ 190 ಬಂದಿದೆ, ಆಂಬು ಚೀಲ ಹಿಡಿಯಲು ಸೋಮವಾರ ಕಲಿಸುತ್ತಾರೆ.

ಮೂಗಿನ ಮೂಳೆಯ ಮೇಲೆ ಕೆಂಪು ಗುರುತು ಬಿದ್ದಿದೆ. ಏನು ಮಾಡುವುದು?

ಇರುಳದೀಪ:
ಓದಿ ಕಣ್ಣು ತುಂಬಿತು. ಮಾಸ್ಕ್ ಪಟ್ಟಿ ಬಹುಶಃ ತೀರಾ ಬಿಗಿಯಾಗಿದೆ, ಒಂದು ಬೆರಳು ತೂರುವಷ್ಟು ಸಡಿಲಿಸಿ. ಗುರುತು ಬೆಳಿಗ್ಗೆ ಮಾಯವಾಗದೆ ಉಳಿದರೆ ಮಾಸ್ಕ್‌ನ ಅಳತೆ ಬದಲಿಸಲು ಹೇಳಿ, ಚರ್ಮ ಒಡೆಯುವವರೆಗೆ ಕಾಯಬೇಡಿ.