ಸಹಾಯ ಬೇಕು: ನನ್ನ ಬೂಟ್ ಕೋಡ್ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಹಳೆ ಡೆಸ್ಕ್‌ಟಾಪಿನಲ್ಲಿ ಇಲ್ಲ

ಎಲ್ಲರಿಗೂ ನಮಸ್ಕಾರ. ಉಡುಪಿಯ ಮಳೆಗೆ ಮನೆಯಲ್ಲೇ ಕೂತು ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ. ಸುಮ್ನೆ, ಕಲಿಯಲಿಕ್ಕೆ. 512 ಬೈಟಿನ ಬೂಟ್ ಸೆಕ್ಟರ್ (ಕಂಪ್ಯೂಟರ್ ಶುರುವಾಗುವಾಗ ಡಿಸ್ಕಿನಿಂದ ಮೊದಲು ಓದುವ ತುಂಡು) ಕೆಮು (QEMU) ಎಂಬ ಕಂಪ್ಯೂಟರ್ ಅನುಕರಿಸುವ ಸಾಫ್ಟ್‌ವೇರಿನಲ್ಲಿ ಸಲೀಸಾಗಿ ಓಡುತ್ತದೆ. ಲ್ಯಾಪ್‌ಟಾಪಿನಲ್ಲೂ ಪೆನ್‌ಡ್ರೈವ್ ಹಾಕಿದರೆ ತಕರಾರಿಲ್ಲ.

ತಾಪತ್ರಯ ಕೊಡುತ್ತಿರುವುದು ಮಂಗಳೂರಿನಿಂದ ಬಸ್ಸಲ್ಲಿ ಹೊತ್ತು ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಮೊದಲು ಮೆಸೇಜ್ ಬದಲು ಕಸದಂಥ ಅಕ್ಷರಗಳು ಬರುತ್ತಿದ್ದವು. ಡೇಟಾ ಮೆಮೊರಿಯಲ್ಲಿ ಎಲ್ಲಿದೆ ಅಂತ ಸಿಪಿಯುಗೆ ತಿಳಿಸುವ ಡಿಎಸ್ ರಿಜಿಸ್ಟರ್ ಸೊನ್ನೆ ಇರುತ್ತದೆ ಅಂತ ನಂಬಿದ್ದು ನನ್ನದೇ ತಪ್ಪು. ಡಿಎಸ್, ಅದರಂಥವೇ ಆದ ಇಎಸ್, ಎಸ್ಎಸ್ ಮೂರನ್ನೂ ನಾನೇ ಸೊನ್ನೆ ಮಾಡಿದೆ, ಬೂಟ್ ಸೆಕ್ಟರ್ ಲೋಡ್ ಆಗುವ 7ಸಿ00 ವಿಳಾಸಕ್ಕೆ ಫಾರ್ ಜಂಪ್ (ಸೆಗ್ಮೆಂಟನ್ನೂ ಹೊಂದಿಸುವ ಜಿಗಿತ) ಹಾಕಿದೆ. ಈಗ ಮೆಸೇಜ್ ಸರಿ ಬರುತ್ತದೆ.

ಆದರೆ ಎರಡನೇ ಸೆಕ್ಟರ್ ಓದುವಾಗ ಕೈಕೊಡುತ್ತದೆ ಮಾರಾಯ್ರೆ! ಬಯಾಸ್ (ಬೋರ್ಡಿನಲ್ಲೇ ಇರುವ ಆರಂಭದ ಸಾಫ್ಟ್‌ವೇರ್) ಕೊಡುವ ಡಿಸ್ಕ್ ಸೇವೆ ಇಂಟರಪ್ಟ್ 13ಎಚ್, ಅದರಲ್ಲಿ ಎಲ್‌ಬಿಎ ಓದುವ ಫಂಕ್ಷನ್ 42ಎಚ್ ಕರೆದರೆ ತಪ್ಪಾಗಿದೆ ಎಂದು ತೋರಿಸುವ ಕ್ಯಾರಿ ಫ್ಲಾಗ್ ಏಳುತ್ತದೆ, ಎಎಚ್‌ನಲ್ಲಿ 01, ಅಂದರೆ ಈ ಫಂಕ್ಷನ್ ಸಲ್ಲದು ಎಂಬ ಎರರ್. ಬೂಟ್ ಆದ ಡ್ರೈವಿನ ನಂಬರನ್ನು ಬಯಾಸ್ ಇಟ್ಟುಕೊಡುವ ಡಿಎಲ್ ರಿಜಿಸ್ಟರನ್ನು ಪ್ರಿಂಟ್ ಮಾಡಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ 80, ಇದರಲ್ಲಿ 00 (ಹೆಕ್ಸ್‌ನಲ್ಲಿ 80 ಹಾರ್ಡ್ ಡಿಸ್ಕಿಗೆ, 00 ಫ್ಲಾಪಿಗೆ). ಅಂದರೆ ಈ ಬಯಾಸ್ ನನ್ನ ಪೆನ್‌ಡ್ರೈವನ್ನು ಫ್ಲಾಪಿ ಅಂದುಕೊಂಡಿದೆ, ಅಲ್ವಾ? ಫ್ಲಾಪಿಗೆ ಎಲ್‌ಬಿಎ (ಸೆಕ್ಟರನ್ನು ಒಂದೇ ಕ್ರಮಸಂಖ್ಯೆಯಿಂದ ಗುರುತಿಸುವ ರೀತಿ) ಓದುವ ಸೌಲಭ್ಯ ಸಿಗದೇ ಇರಬಹುದು.

ಬೂಟ್ ಸೆಕ್ಟರಿನಲ್ಲಿ ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಇಟ್ಟಿಲ್ಲ. 446ನೇ ಬೈಟಿನಿಂದ ಒಂದು ಆ್ಯಕ್ಟಿವ್ ಎಂಟ್ರಿ ತುಂಬಿದರೆ ಹಾರ್ಡ್ ಡಿಸ್ಕ್ ಅಂತ ಒಪ್ಪಿಕೊಳ್ಳುತ್ತದಾ? ಅಥವಾ ಹೆಡ್-ಸೆಕ್ಟರ್ ನಂಬರ್ ಕೊಟ್ಟು ಓದುವ ಹಳೆ 02ಎಚ್ ಫಂಕ್ಷನ್ನಿಗೇ ಇಳಿದು, ಡ್ರೈವಿನ ಅಳತೆ ಹೇಳುವ 08ಎಚ್ ಕೇಳಿ ಹೆಡ್-ಸೆಕ್ಟರ್ ಲೆಕ್ಕ ಹಾಕಲಾ? ಹಳೆ ಬೋರ್ಡುಗಳ ಜೊತೆ ಗುದ್ದಾಡಿದವರು ದಯವಿಟ್ಟು ಹೇಳಿ. ಕೋಡ್ ಬೇಕಾದರೆ ಕೆಳಗೆ ಹಾಕುತ್ತೇನೆ.